ಬೀರು, ಅಲಮಾರಿ, ಕಪಾಟು: ಒಂದೇ ಸಾಮಾನಿಗೆ ಎಷ್ಟೊಂದು ಹುಟ್ಟೂರು

ಮನೆ ಬದಲಿಸುವ ಹಿಂದಿನ ರಾತ್ರಿ ಸಾಮಾನಿನ ಪಟ್ಟಿ ಬರೆಯಲು ಕೂತಿದ್ದೆವು. ನಾನು "ಬೀರು – 1" ಎಂದು ಬರೆದು ಪಾತ್ರೆ ಕಟ್ಟಲು ಎದ್ದುಹೋದೆ. ಉತ್ತರ ಕರ್ನಾಟಕದ ಕಡೆಯವರಾದ ಅತ್ತಿಗೆ ಪಟ್ಟಿ ನೋಡಿ, ದೊಡ್ಡ ಸಾಮಾನೇ ಬಿಟ್ಟುಹೋಗಿದೆ ಅಂದುಕೊಂಡು ಕೆಳಗೆ "ಕಪಾಟು – 1" ಸೇರಿಸಿದರು. ಅದನ್ನು ಮೊಬೈಲಿಗೆ ಏರಿಸಲು ಕೂತ ಅಣ್ಣನ ಮಗ "ಅಲ್ಮೇರಾ ಎಲ್ಲಿ?" ಎಂದು ತಾನೂ ಒಂದು ಸಾಲು ಹಾಕಿದ. ಬೆಳಿಗ್ಗೆ ಲಾರಿಯವರು ಬಂದು ಮೂರು ಸಾಮಾನು ಹುಡುಕಿದರು. ಇದ್ದದ್ದು ಒಂದೇ. ಹಸಿರು ಬಣ್ಣದ, ಬಾಗಿಲು ತೆರೆದರೆ ಕಿರ್ರೆನ್ನುವ ಹಳೇ ಕಬ್ಬಿಣದ ಬೀರು.

ಲಾರಿ ಹೊರಟ ಮೇಲೆ ಖಾಲಿ ಮನೆಯಲ್ಲಿ ನಿಂತು ಶುರುವಾದದ್ದು ಒಂದು ಜಗಳ: ಈ ಮೂರರಲ್ಲಿ ನಿಜವಾದ ಕನ್ನಡ ಪದ ಯಾವುದು? ಆ ಜಗಳಕ್ಕೆ ಉತ್ತರ ಹುಡುಕುತ್ತ ಹೋದರೆ ಸಿಗುವುದು ಬಟ್ಟೆ, ಆಯುಧ, ಬಾಗಿಲು, ಲೋಟ, ಲೂಟಿ. ಒಂದು ಕಬ್ಬಿಣದ ಬೀರುವಿಗೆ ಇಷ್ಟೆಲ್ಲ ಪೂರ್ವಜರು.

ಪದದ ಮೂಲ ಅಂದರೆ ಏನು

ಶಾಲೆಯ ವ್ಯಾಕರಣದಲ್ಲಿ ಓದಿದ ನಾಲ್ಕು ಮಾತು ಇಲ್ಲಿ ಬೇಕಾಗುತ್ತವೆ. ಮೊದಲಿನಿಂದಲೂ ಕನ್ನಡದಲ್ಲೇ ಇರುವ ಪದ ದೇಶ್ಯ; ಮನೆ, ಗೂಡು, ಹಾಸು ಇಂಥವು. ಸಂಸ್ಕೃತದಿಂದ ರೂಪ ಬದಲಾಗದೆ ಬಂದದ್ದು ತತ್ಸಮ. ಸಂಸ್ಕೃತದಿಂದ ಬಂದು ಕನ್ನಡದ ನಾಲಿಗೆಗೆ ತಕ್ಕಂತೆ ಸವೆದದ್ದು ತದ್ಭವ. ವರ್ಣ ಬಣ್ಣವಾದ ಹಾಗೆ, ಸಂಧ್ಯಾ ಸಂಜೆಯಾದ ಹಾಗೆ. ಉಳಿದ ಭಾಷೆಗಳಿಂದ, ಅಂದರೆ ಪಾರಸಿ, ಅರಬ್ಬಿ, ಪೋರ್ಚುಗೀಸ್, ಇಂಗ್ಲಿಷ್ ಮುಂತಾದವುಗಳಿಂದ ಬಂದದ್ದು ಅನ್ಯದೇಶ್ಯ.

ಒಂದು ಪದದ ಮೂಲ ಹುಡುಕುವಾಗ ಎರಡು ದಾರಿ ಒಟ್ಟಿಗೆ ಹಿಡಿಯಬೇಕು. ಪದದ ಸದ್ದು ಹೇಗೆ ಬದಲಾಯಿತು ಎನ್ನುವುದು ಒಂದು. ಅದರ ಅರ್ಥ ಹೇಗೆ ಜರುಗಿತು ಎನ್ನುವುದು ಇನ್ನೊಂದು. ಹಳೇ ಮನೆಯ ವಿಳಾಸ ಹುಡುಕಿದ ಹಾಗೆ ಇದು: ಬೀದಿಯ ಹೆಸರು ಸರಿಯಿದ್ದು ಮನೆ ನಂಬರು ತಪ್ಪಿದ್ದರೆ ಬೇರೆಯವರ ಬಾಗಿಲು ತಟ್ಟುತ್ತೇವೆ.

ಬೀರು: ಒರಟು ಉಣ್ಣೆಬಟ್ಟೆಯ ಮೊಮ್ಮಗ

ಬೀರು ಇಂಗ್ಲಿಷಿನ 'ಬ್ಯೂರೋ'. ಅದು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಅಲ್ಲಿಂದ ಹಿಂದಕ್ಕೆ ಹೋದರೆ ಬೀರುವೂ ಇಲ್ಲ, ಮೇಜೂ ಇಲ್ಲ, ಮರವೂ ಇಲ್ಲ. ಉಳಿಯುವುದು ಬಟ್ಟೆ.

ಹಿಂದಿನ ಕಾಲದ ಲ್ಯಾಟಿನ್‌ನಲ್ಲಿ 'ಬುರ್ರಾ' ಅಂದರೆ ಜೂಲುಜೂಲಾದ ಉಣ್ಣೆ, ಅದರಿಂದ ಮಾಡಿದ ಒರಟು ಬಟ್ಟೆ. ಫ್ರೆಂಚಿನಲ್ಲಿ ಇದು 'ಬ್ಯೂರ್' ಆಯಿತು. ಕ್ರೈಸ್ತ ಸನ್ಯಾಸಿಗಳು ತೊಡುವ ಕಂದು ಬಣ್ಣದ ದಪ್ಪ ಉಣ್ಣೆಯ ನಿಲುವಂಗಿಗೆ ಫ್ರೆಂಚಿನಲ್ಲಿ ಇಂದಿಗೂ ಇದೇ ಹೆಸರು. ಇದೇ ಪದಕ್ಕೆ ಬಾಲ ಸೇರಿ ಹಳೆಯ ಫ್ರೆಂಚಿನಲ್ಲಿ 'ಬ್ಯೂರೆಲ್' ಎಂಬ ರೂಪ ಬಂತು. ಅದೇ ಮುಂದೆ 'ಬ್ಯೂರೋ'.

ಬಟ್ಟೆ ಮೇಜಾದದ್ದು ಹೇಗೆ? ಆಗ ಲೆಕ್ಕ ಹಾಕುತ್ತಿದ್ದದ್ದು ಮೇಜಿನ ಮೇಲೆ ಬಿಲ್ಲೆಗಳನ್ನು ಸರಿಸಿ. ಬರಿ ಮರದ ಮೇಲೆ ಬಿಲ್ಲೆ ಜಾರುತ್ತದೆ, ಕಟಕಟ ಸದ್ದು ಮಾಡುತ್ತದೆ. ಮೇಲೊಂದು ದಪ್ಪ ಉಣ್ಣೆಬಟ್ಟೆ ಹಾಸಿದರೆ ಇಟ್ಟ ಕಡೆ ಕೂರುತ್ತದೆ. ಮೇಜಿನ ಮೇಲೆ ಸದಾ ಆ ಬಟ್ಟೆ ಹಾಸಿರುತ್ತಿದ್ದರಿಂದ ಬಟ್ಟೆಯ ಹೆಸರೇ ಮೇಜಿಗೂ ಅಂಟಿತು. ಇಂಗ್ಲೆಂಡಿನ ಹಣಕಾಸು ಖಾತೆಗೆ 'ಎಕ್ಸ್‌ಚೆಕರ್' ಎಂಬ ಹೆಸರು ಬಂದ ಕಥೆಯೂ ಇದರ ಅಣ್ಣತಮ್ಮನೇ. 12ನೇ ಶತಮಾನದಲ್ಲಿ ಅಲ್ಲಿನ ಅಧಿಕಾರಿಗಳು ಗೆರೆ ಎಳೆದು ಮನೆಮನೆ ಮಾಡಿದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಬಿಲ್ಲೆ ಇಟ್ಟು ರಾಜನ ಲೆಕ್ಕ ಹಾಕುತ್ತಿದ್ದರು. ಚದುರಂಗದ ಹಾಸಿನಂತೆ ಕಾಣುತ್ತಿದ್ದ ಆ ಬಟ್ಟೆಯ ಹೆಸರೇ ಇಡೀ ಇಲಾಖೆಯ ಹೆಸರಾಯಿತು.

ಬ್ಯೂರೋದ ಪ್ರಯಾಣ ಅಲ್ಲಿಗೆ ನಿಲ್ಲಲಿಲ್ಲ. ಬಟ್ಟೆ ಹಾಸಿದ ಮೇಜು, ಆ ಮೇಜಿರುವ ಕೋಣೆ, ಆ ಕೋಣೆಯಲ್ಲಿ ನಡೆಯುವ ಕಚೇರಿ, ಆ ಕಚೇರಿ ಸೇರಿದ ಇಲಾಖೆ. ಒಂದೊಂದು ಹೆಜ್ಜೆಯಲ್ಲೂ ಹೆಸರು ಪಕ್ಕದಲ್ಲಿದ್ದ ವಸ್ತುವಿಗೆ ದಾಟಿತು. 18ನೇ ಶತಮಾನದ ಫ್ರೆಂಚ್ ಅರ್ಥಚಿಂತಕ ವಿನ್ಸೆಂಟ್ ದ ಗೂರ್ನೇ ಈ ಕಚೇರಿಗಳ ದರ್ಬಾರು ನೋಡಿ ಬೇಸತ್ತು, ಬ್ಯೂರೋಗೆ ಗ್ರೀಕಿನ 'ಆಳ್ವಿಕೆ' ಎಂಬರ್ಥದ ಬಾಲ ಜೋಡಿಸಿ 'ಬ್ಯೂರೋಕ್ರಸಿ' ಎಂಬ ಪದವನ್ನು ಹುಟ್ಟಿಸಿದ. ಅಕ್ಷರಶಃ ನೋಡಿದರೆ ಮೇಜಿನ ಆಳ್ವಿಕೆ. ಇನ್ನೂ ಹಿಂದಕ್ಕೆ ಎಳೆದರೆ ಕಂಬಳಿಯ ಆಳ್ವಿಕೆ!

ಇಂಥ ಜರುಗಾಟ ಅಪರೂಪದ್ದೇನಲ್ಲ. 'ಟಾಯ್ಲೆಟ್' ಕೂಡ ಬಟ್ಟೆಯೇ. ಫ್ರೆಂಚಿನಲ್ಲಿ 'ತ್ವಾಲ್' ಅಂದರೆ ಬಟ್ಟೆ, 'ತ್ವಾಲೆತ್' ಅಂದರೆ ಚಿಕ್ಕ ಬಟ್ಟೆ. ಅಲಂಕಾರದ ಮೇಜಿನ ಮೇಲೆ ಹಾಸುವ ಬಟ್ಟೆಗೆ ಆ ಹೆಸರು, ಆಮೇಲೆ ಆ ಮೇಜಿಗೆ, ಆಮೇಲೆ ಅಲಂಕಾರಕ್ಕೆ, ಆಮೇಲೆ ಅದರ ಕೋಣೆಗೆ, ಕೊನೆಗೆ ನಾವೆಲ್ಲ ಬಲ್ಲ ಕೋಣೆಗೆ. ಎರಡು ಬಟ್ಟೆಗಳು ಮೇಜು ಹತ್ತಿ ಹೊರಟವು. ಒಂದು ಸರ್ಕಾರಿ ಕಚೇರಿ ಸೇರಿತು, ಇನ್ನೊಂದು ಪಾಯಖಾನೆ.

ಹಾಗಾದರೆ ಮೇಜು ಬೀರುವಾದದ್ದು ಯಾವಾಗ? ಇಂಗ್ಲಿಷಿಗೆ 17ನೇ ಶತಮಾನದ ಕೊನೆಗೆ ಬಂದಾಗ ಬ್ಯೂರೋ ಅಂದರೆ ಖಾನೆಗಳಿರುವ ಬರೆಯುವ ಮೇಜು. 18ನೇ ಶತಮಾನದ ಹೊತ್ತಿಗೆ ಅದರ ಮೇಲೆ ಬಾಗಿಲಿರುವ ಪುಸ್ತಕದ ಗೂಡನ್ನೂ ಕೂರಿಸತೊಡಗಿದರು. ಕೆಳಗೆ ಎಳೆಯುವ ಖಾನೆಗಳು, ನಡುವೆ ಮಡಚಿಡುವ ಹಲಗೆ, ಮೇಲೆ ಎರಡು ಬಾಗಿಲು, ಒಟ್ಟು ಎತ್ತರ ಆಳೆತ್ತರಕ್ಕೂ ಮೀರಿ. ಬರೆಯುವ ಹಲಗೆಯೊಂದನ್ನು ತೆಗೆದುಹಾಕಿ ನೋಡಿ, ಉಳಿಯುವುದು ಬೀರುವೇ. ಅಮೆರಿಕದಲ್ಲಿ ಈ ಪದ ಇನ್ನೊಂದು ಕವಲು ಹಿಡಿದು ಬಟ್ಟೆ ಇಡುವ ಖಾನೆಗಳ ಸಾಮಾನಿಗೆ ಹೆಸರಾಯಿತು. ನಮ್ಮಲ್ಲಿ ತಮಿಳಿನಲ್ಲಿ ಬೀರೋ, ತೆಲುಗಿನಲ್ಲಿ ಬೀರುವಾ, ಕನ್ನಡದಲ್ಲಿ ಬೀರು. ಬಟ್ಟೆಯಾಗಿ ಹೊರಟ ಪದ ಸಾವಿರ ಮೈಲಿ ಸುತ್ತಿ ಮತ್ತೆ ಬಟ್ಟೆ ಇಡುವ ಜಾಗಕ್ಕೇ ಬಂದು ಕೂತಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೂ ಚೆಂದ.

ಬ್ಯೂರೋ ಸವೆದು ಬೀರು ಆದ ಬಗೆ

ಪದಗಳು ಒಂದು ಭಾಷೆಗೆ ಎರಡು ಬಾಗಿಲಿನಿಂದ ಬರುತ್ತವೆ. ಕಿವಿಯಿಂದ ಬಂದವು ನಾಲಿಗೆಗೆ ಒಗ್ಗುವಂತೆ ಸವೆಯುತ್ತವೆ. ಕಣ್ಣಿನಿಂದ, ಅಂದರೆ ಓದಿನಿಂದ ಬಂದವು ಮೂಲದ ರೂಪವನ್ನು ಹೆಚ್ಚುಕಡಿಮೆ ಹಾಗೇ ಉಳಿಸಿಕೊಳ್ಳುತ್ತವೆ. ಬ್ಯೂರೋ ಎರಡೂ ಬಾಗಿಲಿನಿಂದ ಬಂದಿದೆ. ಮಾತಿನಲ್ಲಿ ಬಂದದ್ದು ಬೀರು. ಪತ್ರಿಕೆ, ಸರ್ಕಾರಿ ಕಾಗದದ ಮೂಲಕ ಬಂದದ್ದು ಬ್ಯೂರೋ. ಸಿಬಿಐ ಎಂಬ ಹೆಸರಿನ ನಡುವೆ ಇರುವ 'ಬಿ' ಇದೇ ಬ್ಯೂರೋ. ಕೋಣೆಯ ಮೂಲೆಯಲ್ಲಿ ನಿಂತಿರುವ ಬೀರುವಿಗೂ ಸಿಬಿಐಗೂ ಇಷ್ಟು ಹತ್ತಿರದ ನೆಂಟಸ್ತನ ಇದೆ ಎಂದು ಯಾರು ಊಹಿಸಿಯಾರು?

ಸದ್ದಿನ ಬದಲಾವಣೆ ನೋಡಿ. 'ಬ್ಯೂ' ಎಂಬಲ್ಲಿ ಬ್, ಯ್, ಊ ಎಂಬ ಮೂರು ಸದ್ದು ಒತ್ತೊತ್ತಾಗಿ ಕೂತಿವೆ. ಯ್ ಮತ್ತು ಇ ತೀರ ಹತ್ತಿರದ ಸದ್ದುಗಳು. ಅತಿ ಎಂಬುದಕ್ಕೆ ಅಂತ ಸೇರಿದಾಗ 'ಅತ್ಯಂತ' ಆಗುವ ಯಣ್ ಸಂಧಿ ನೆನಪಿದೆಯಲ್ಲ, ಅಲ್ಲಿ ಇ ಹೋಗಿ ಯ್ ಬರುತ್ತದೆ. ಬೀರುವಿನಲ್ಲಿ ನಡೆದದ್ದು ಅದರ ತಿರುಗುಮುರುಗು. ಯ್ ಸಡಿಲಗೊಂಡು ಈ ಆಯಿತು, ಪಕ್ಕದ ಊ ಅದರಲ್ಲಿ ಕರಗಿತು. ಕೊನೆಯ 'ಓ' ಚಿಕ್ಕದಾಗಿ 'ಉ' ಆಯಿತು.

ಆ ಕೊನೆಯ ಉಕಾರದಲ್ಲಿ ಒಂದು ಸೂಕ್ಷ್ಮ ಅಡಗಿದೆ. ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದಗಳಿಗೆ ಕನ್ನಡ ಒಂದು ಉಕಾರದ ಆಸರೆ ಕೊಡುತ್ತದೆ: ಕಾರು, ಬಸ್ಸು, ಪೆನ್ನು. ಈ ಆಸರೆಯ ಉ ವಿಭಕ್ತಿ ಹಚ್ಚಿದ ಕೂಡಲೇ ಬಿದ್ದುಹೋಗುತ್ತದೆ. ಕಾರಿನಲ್ಲಿ ಎನ್ನುತ್ತೇವೆಯೇ ಹೊರತು ಕಾರುವಿನಲ್ಲಿ ಎನ್ನುವುದಿಲ್ಲ. ಬೀರುವಿನ ಉ ಮಾತ್ರ ಬೀಳದು. "ಬೀರುವಿನಲ್ಲಿದ್ದ ಚಿನ್ನಾಭರಣ ಕಳವು" ಎಂದೇ ಪತ್ರಿಕೆಗಳು ಬರೆಯುತ್ತವೆ. ಯಾಕೆಂದರೆ ಅದು ಆಸರೆಗೆ ಬಂದ ಉ ಅಲ್ಲ, ಮೂಲದಲ್ಲೇ ಇದ್ದ ಓಕಾರದ ವಾರಸುದಾರ. ಕುಡಿಯುವ ಬೀರು ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಇಂಗ್ಲಿಷಿನಲ್ಲಿ ವ್ಯಂಜನದಲ್ಲಿ ಮುಗಿಯುವ ಪದ, ಆದ್ದರಿಂದ ಬೀರಿನ ಬಾಟಲಿ. ಇದು ಬೀರುವಿನ ಬಾಗಿಲು. ಬರಿ ಬೀರು ಎಂದಾಗ ಎರಡೂ ಒಂದೇ ಥರ ಕೇಳುತ್ತವೆ, ವಿಭಕ್ತಿ ಹಚ್ಚಿದ ಕೂಡಲೇ ಬೇರೆಯಾಗುತ್ತವೆ. ಇದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲ, ಆದರೂ ಯಾರೂ ತಪ್ಪುವುದಿಲ್ಲ.

ಅಲಮಾರಿ: ಆಯುಧದ ಮನೆ

ಲ್ಯಾಟಿನ್‌ನಲ್ಲಿ 'ಆರ್ಮಾ' ಅಂದರೆ ಸಲಕರಣೆ, ಅದರಲ್ಲೂ ಯುದ್ಧದ ಸಲಕರಣೆ. ಇಂಗ್ಲಿಷಿನ ಆರ್ಮಿ ಇದರ ಸಂತಾನ. ಸಲಕರಣೆ ಇಡುವ ಪೆಟ್ಟಿಗೆ ಅಥವಾ ಗೂಡು 'ಅರ್ಮಾರಿಯುಂ'. ಹೆಸರಿನಲ್ಲಿ ಆಯುಧ ಇದ್ದರೂ ರೋಮನ್ನರು ಅದರಲ್ಲಿ ಬಟ್ಟೆ, ಪಾತ್ರೆ, ಪುಸ್ತಕ ಎಲ್ಲವನ್ನೂ ಇಡುತ್ತಿದ್ದರು. ನಮ್ಮ ಅಲಮಾರಿಯೂ ಹಾಗೇ ಅಲ್ಲವೇ, ಒಳಗೆ ಇಲ್ಲದ್ದೇನು?

ಯುರೋಪಿನ ಮಠಗಳಲ್ಲಿ ಈ ಪದ ಪುಸ್ತಕದ ಕಡೆ ವಾಲಿತು. ಮಠದ ಪುಸ್ತಕ ನೋಡಿಕೊಳ್ಳುವ ಸನ್ಯಾಸಿಗೆ 'ಅರ್ಮಾರಿಯುಸ್' ಎಂಬ ಹುದ್ದೆಯೇ ಇತ್ತು. ಇಂಥದ್ದೊಂದು ಅಲಮಾರಿಯ ಚಿತ್ರ ಇವತ್ತಿಗೂ ನೋಡಲು ಸಿಗುತ್ತದೆ. 8ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಮಠವೊಂದರಲ್ಲಿ ಬರೆದ, ಈಗ ಇಟಲಿಯ ಫ್ಲಾರೆನ್ಸಿನಲ್ಲಿರುವ ಕೋಡೆಕ್ಸ್ ಅಮಿಯಾಟಿನಸ್ ಎಂಬ ಬೈಬಲ್ ಹಸ್ತಪ್ರತಿಯಲ್ಲಿ ಎಜ್ರಾ ಎಂಬ ಧರ್ಮಗುರು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತ ಕೂತಿದ್ದಾನೆ. ಅವನ ಹಿಂದೆ ಎರಡು ಬಾಗಿಲು ತೆರೆದುಕೊಂಡ ಮರದ ಅಲಮಾರಿ. ಒಳಗೆ ಒಂಬತ್ತು ಸಂಪುಟಗಳು, ನಿಲ್ಲಿಸಿದ್ದಲ್ಲ, ಮಲಗಿಸಿದ್ದು. ಬಣ್ಣ ಬಿಟ್ಟರೆ ನಮ್ಮ ಮನೆಯದಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. 12ನೇ ಶತಮಾನದ ಒಂದು ಲ್ಯಾಟಿನ್ ಮಾತು ಎರಡೂ ಅರ್ಥಗಳ ಮೇಲೆ ಆಟವಾಡುತ್ತದೆ: ಪುಸ್ತಕದ ಅಲಮಾರಿ ಇಲ್ಲದ ಮಠ, ಆಯುಧಶಾಲೆ ಇಲ್ಲದ ಕೋಟೆಯಂತೆ. ಲ್ಯಾಟಿನ್‌ನಲ್ಲಿ ಆ ಎರಡೂ ಪದಗಳು ಆರ್ಮಾದಿಂದಲೇ ಹುಟ್ಟಿದವು.

ಅರ್ಮಾರಿಯುಂ ಪೋರ್ಚುಗೀಸಿನಲ್ಲಿ 'ಅರ್ಮಾರಿಯೊ' ಆಯಿತು. ಅದರ ಮೊದಲ 'ರ' 'ಲ' ಆಗಿ 'ಅಲ್ಮಾರಿಯೊ' ಎಂಬ ರೂಪವೂ ಬಳಕೆಗೆ ಬಂತು. ಇದಕ್ಕೆ ಕಾರಣ ತಿಳಿಯಬೇಕಾದರೆ "ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು" ಎಂದು ಬೇಗ ಬೇಗ ನಾಲ್ಕು ಸಲ ಹೇಳಿ ನೋಡಿ. ಹತ್ತಿರ ಹತ್ತಿರ ಎರಡು ರಕಾರ ಬಂದರೆ ನಾಲಿಗೆ ಎಡವುತ್ತದೆ. ಎಡವದಿರಲು ಒಂದನ್ನು ಲಕಾರ ಮಾಡಿಕೊಳ್ಳುವುದು ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಕಾಣುವ ರೂಢಿ. ಇದಕ್ಕೆ ಭಾಷಾಶಾಸ್ತ್ರದಲ್ಲಿ ವಿಷಮೀಕರಣ ಎನ್ನುತ್ತಾರೆ, ಅಂದರೆ ಒಂದೇ ಥರ ಇದ್ದ ಎರಡು ಸದ್ದು ಬೇರೆಬೇರೆ ಆಗುವುದು. ತಿರುಗಿಯೂ ನಡೆಯುತ್ತದೆ. ಸೇನೆಯ ಕರ್ನಲ್ ಇಟಾಲಿಯನ್ನಿನಲ್ಲಿ 'ಕೊಲೊನೆಲ್ಲೊ'. ಎರಡು ಲಕಾರ ಕಷ್ಟವಾಗಿ ಫ್ರೆಂಚರು ಮೊದಲನೆಯದನ್ನು ರಕಾರ ಮಾಡಿದರು. ಇಂಗ್ಲಿಷಿನಲ್ಲಿ ಬರೆಯುವಾಗ ಲಕಾರ ಉಳಿಯಿತು, ಹೇಳುವಾಗ ರಕಾರ. ಶಾಲಾ ಮಕ್ಕಳು ಈ ಪದದ ಕಾಗುಣಿತಕ್ಕೆ ಪೆಟ್ಟು ತಿಂದದ್ದೆಲ್ಲ ಒಂದು ವಿಷಮೀಕರಣದ ಫಲ.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅವರ ಹಡಗು ಹೋದ ಕಡೆಯೆಲ್ಲ ಸಾಮಾನು ಹೋಯಿತು, ಸಾಮಾನಿನ ಜೊತೆ ಹೆಸರೂ ಹೋಯಿತು. ಹಿಂದಿಯಲ್ಲಿ ಅಲಮಾರಿ, ಮಲಯಾಳದಲ್ಲಿ ಅಲಮಾರ, ಸಿಂಹಳದಲ್ಲಿ ಅಲ್ಮಾರಿಯ, ಮಲಯ ಭಾಷೆಯಲ್ಲಿ ಅಲ್ಮಾರಿ, ಇಂಡೋನೇಷ್ಯಾದಲ್ಲಿ ಲೆಮಾರಿ. ನಕಾಶೆಯ ಮೇಲೆ ಈ ಊರುಗಳಿಗೆ ಚುಕ್ಕೆ ಇಡುತ್ತ ಹೋದರೆ ಹಡಗಿನ ದಾರಿಯೇ ಮೂಡುತ್ತದೆ. ಚಾವಿ, ಪಾದ್ರಿ, ಅನಾನಸು, ಉತ್ತರ ಕರ್ನಾಟಕದ ಪಗಾರ ಇವೆಲ್ಲ ಅದೇ ಹಡಗಿನ ಸಹಪ್ರಯಾಣಿಕರು.

'ಅಲ್ಮೇರಾ' ಎಂಬ ರೂಪಕ್ಕೆ ಇನ್ನೊಂದು ಸುತ್ತು ಇದೆ. ಭಾರತದ ಭಾಷೆಗಳಿಂದ ಈ ಪದವನ್ನು ಇಲ್ಲಿದ್ದ ಇಂಗ್ಲಿಷರು ಎತ್ತಿಕೊಂಡರು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಪದಕೋಶ ಇದನ್ನು ದಾಖಲಿಸಿ, ಉತ್ತರ ದಕ್ಷಿಣ ಎರಡೂ ಕಡೆ ಯಜಮಾನರೂ ಆಳುಗಳೂ ಬಳಸುವ ಪದ ಎಂದು ಹೇಳುತ್ತದೆ. ಅವರ ಇಂಗ್ಲಿಷ್ ಕಾಗುಣಿತವನ್ನು ಓದಿ ನಾವು ಮತ್ತೆ ಅಲ್ಮೇರಾ ಎಂದು ಕನ್ನಡಕ್ಕೆ ತಂದುಕೊಂಡೆವು. ಅಣ್ಣನ ಮಗ ಅದನ್ನು ಇಂಗ್ಲಿಷ್ ಪದ ಎಂದೇ ನಂಬಿದ್ದ. ಇಂಗ್ಲೆಂಡಿನಲ್ಲಿ ಅದನ್ನು ಹೇಳಿದರೆ ಹೆಚ್ಚಿನವರಿಗೆ ತಿಳಿಯುವುದಿಲ್ಲ.

ಕಪಾಟು: ಬಾಗಿಲೇ ಮನೆಯಾದದ್ದು

ಅತ್ತಿಗೆಯ ಕಪಾಟು ಮಾತ್ರ ಸಮುದ್ರ ದಾಟಿ ಬಂದದ್ದಲ್ಲ. ಸಂಸ್ಕೃತದಲ್ಲಿ ಕಪಾಟ ಅಂದರೆ ಬಾಗಿಲು, ಬಾಗಿಲ ರೆಕ್ಕೆ. ಸಾವಿರಕ್ಕೂ ಹೆಚ್ಚು ವರ್ಷ ಹಳೆಯದಾದ ಅಮರಕೋಶದಲ್ಲಿ ಕಪಾಟ, ಅರರ ಎರಡೂ ಒಂದೇ ಎಂದಿದೆ, ಅದರ ಬೆನ್ನಿಗೇ ಬಾಗಿಲಿಗೆ ಅಡ್ಡ ಹಾಕುವ ಅಗುಳಿಗೆ 'ಅರ್ಗಲ' ಎಂದಿದೆ. ಗೋಡೆಯಲ್ಲಿ ಬಿಟ್ಟ ತೆರೆದ ಗೂಡಿಗೂ ಕಪಾಟಿಗೂ ಇರುವ ವ್ಯತ್ಯಾಸ ಒಂದೇ, ಬಾಗಿಲು. ಆ ಒಂದು ವ್ಯತ್ಯಾಸವೇ ಹೆಸರಾಯಿತು. ಮರಾಠಿಯಲ್ಲೂ ಇದು ಕಪಾಟ, ಅದಕ್ಕೇ ಉತ್ತರದ ಜಿಲ್ಲೆಗಳಲ್ಲಿ ಈ ಪದದ ಬಳಕೆ ಹೆಚ್ಚು.

ಇದರದೇ ಇನ್ನೊಂದು ರೂಪ ಕವಾಟ. ಹೃದಯದ ಕವಾಟ ಎಂದು ವೈದ್ಯರ ಬರಹಗಳಲ್ಲಿ ಓದುತ್ತೇವಲ್ಲ, ಅದೇ. ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ತೆರೆದು ಮುಚ್ಚುವ ಪುಟ್ಟ ಬಾಗಿಲು. ಇಂಗ್ಲಿಷಿನ 'ವಾಲ್ವ್' ಹುಟ್ಟಿದ್ದು ಲ್ಯಾಟಿನ್ನಿನ 'ವಾಲ್ವಾ' ಎಂಬ ಪದದಿಂದ, ಅದರ ಅರ್ಥವೂ ಮಡಚುವ ಬಾಗಿಲ ರೆಕ್ಕೆ ಎಂದೇ. ವಾಲ್ವಿಗೆ ಕವಾಟ ಎಂದು ಹೆಸರಿಟ್ಟವರು ಅದನ್ನು ತಿಳಿದೇ ಇಟ್ಟಿರಬೇಕು, ಇಲ್ಲವಾದರೆ ಇಷ್ಟು ಕರಾರುವಾಕ್ಕಾಗಿ ಕೂರುತ್ತಿರಲಿಲ್ಲ.

ಕಬೋರ್ಡು, ವಾರ್ಡ್‌ರೋಬ್

ಹೊಸ ಮನೆಗಳಲ್ಲಿ ಗೋಡೆಗೇ ಕೂರಿಸಿದ್ದಕ್ಕೆ ಕಬೋರ್ಡು ಎನ್ನುತ್ತಾರೆ. ಕಪ್ ಮತ್ತು ಬೋರ್ಡ್ ಸೇರಿದ ಪದ. ಹಳೆಯ ಇಂಗ್ಲಿಷಿನಲ್ಲಿ ಬೋರ್ಡ್ ಅಂದರೆ ಮೇಜು ಎಂಬ ಅರ್ಥವೂ ಇತ್ತು. 'ಬೋರ್ಡಿಂಗ್ ಮತ್ತು ಲಾಡ್ಜಿಂಗ್' ಎಂಬ ಫಲಕದಲ್ಲಿ ಬೋರ್ಡಿಂಗ್ ಅಂದರೆ ಊಟ ಎಂದಾಗುವುದು ಊಟದ ಮೇಜಿನ ದೆಸೆಯಿಂದಲೇ. 14ನೇ ಶತಮಾನದಲ್ಲಿ ಕಬೋರ್ಡು ಅಂದರೆ ಲೋಟಗಳನ್ನು ಜೋಡಿಸಿಡುವ ತೆರೆದ ಮೇಜು. ಬಾಗಿಲು ಬಂದದ್ದು ಆಮೇಲೆ.

ವಾರ್ಡ್‌ರೋಬಿನಲ್ಲಿ ವಾರ್ಡ್ ಅಂದರೆ ಕಾಯುವುದು, ರೋಬ್ ಅಂದರೆ ಉಡುಪು. ಈ ರೋಬ್ ಎಂಬುದರ ಹಳೆಯ ಅರ್ಥ ಲೂಟಿಯ ಮಾಲು. ಸೋತವರ ಮೈಮೇಲಿನಿಂದ ಕಿತ್ತುಕೊಂಡ ಬಟ್ಟೆ. ಕಳ್ಳತನ ಎಂಬರ್ಥದ 'ರಾಬರಿ' ಇದರ ಒಡಹುಟ್ಟು. ಕಳ್ಳರ ಭಯಕ್ಕೆ ಬೀಗ ಹಾಕುವ ಸಾಮಾನಿನ ಹೆಸರೊಳಗೇ ಕಳ್ಳ ಕೂತಿದ್ದಾನೆ.

ಹಾಗಾದರೆ ಕನ್ನಡದ್ದೇ ಪದ ಇಲ್ಲವೇ?

ಇದೆ, ಗೂಡು. ಹಕ್ಕಿಯ ಗೂಡು, ಜೇನುಗೂಡು, ದೀಪದ ಗೂಡು, ಎಲುಬಿನ ಗೂಡು, ಗೂಡಂಗಡಿ. ಒಳಗೆ ಏನನ್ನೋ ಇಟ್ಟುಕೊಂಡು ಕಾಯುವ ಚಿಕ್ಕ ಜಾಗಕ್ಕೆಲ್ಲ ಈ ಪದ ಸಲ್ಲುತ್ತದೆ. ಹಳೆಯ ಮನೆಗಳ ದಪ್ಪ ಗೋಡೆಯಲ್ಲಿ ಬಿಟ್ಟ ಗೂಡು, ಗೋಡೆಗೆ ಉದ್ದಕ್ಕೆ ಕೂರಿಸಿದ ಹಲಗೆಯ ನಾಗಂದಿಗೆ, ಮೇಲೆ ಅಟ್ಟ, ಕೆಳಗೆ ಪೆಟ್ಟಿಗೆ. ಇಷ್ಟರಲ್ಲೇ ಸಂಸಾರದ ಸಾಮಾನೆಲ್ಲ ಹಿಡಿಯುತ್ತಿತ್ತು.

ಕಾಲಿನ ಮೇಲೆ ನಿಂತು, ಬಾಗಿಲಿದ್ದು, ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿಸಬಹುದಾದ ಆಳೆತ್ತರದ ಸಾಮಾನು ಬಂದಾಗ ಅದು ಹೆಸರನ್ನೂ ಹೊತ್ತು ತಂದಿತು. ಮೊಬೈಲಿಗೆ ಮೊಬೈಲು ಎಂದ ಹಾಗೆ. ಗೋಡೆಯ ಗೂಡು ಗೂಡಾಗಿಯೇ ಉಳಿಯಿತು. ಹೀಗೆ ಹೊಸ ಹೆಸರು ಬಂದು ಸೇರುವ ಕ್ರಮ ಇನ್ನೂ ನಿಂತಿಲ್ಲ. ಎಷ್ಟೋ ಮನೆಗಳಲ್ಲಿ ಕಬ್ಬಿಣದ ಬೀರುವಿಗೆ 'ಗಾದ್ರೇಜ್' ಎಂದೇ ಹೆಸರು, ಅದನ್ನು ಮಾಡಿದವರು ಯಾರೇ ಇರಲಿ. 1897ರಲ್ಲಿ ಬೀಗ ತಯಾರಿಸಲು ಶುರು ಮಾಡಿದ ಅರ್ದೇಶಿರ್ ಗೋದ್ರೇಜ್ ಅವರ ಮನೆತನದ ಹೆಸರು ಕನ್ನಡದ ಮಾತಿನಲ್ಲಿ ಒಂದು ಪೀಠೋಪಕರಣವಾಗಿ ನಿಂತಿದೆ.

ಹೋಲಿಕೆ ಕಂಡರೆ ನಂಟು ಎನ್ನಬಹುದೇ?

ಜಗಳದಲ್ಲಿ ನಮ್ಮಣ್ಣ ಎತ್ತಿದ ವಾದ ಬಹಳ ಜನ ಎತ್ತುವಂಥದ್ದೇ: ಕಪಾಟು ಅಂದರೆ ಕಪ್‌ಬೋರ್ಡ್ ಎಂಬುದನ್ನೇ ನಮ್ಮವರು ಹಾಗೆ ಹೇಳಿದ್ದು. ಕೇಳಿದರೆ ಹೌದಲ್ಲ ಅನಿಸುತ್ತದೆ. ಕಪ ಎಂಬಷ್ಟು ಸದ್ದು ಎರಡರಲ್ಲೂ ಇದೆ, ಅರ್ಥವೂ ಒಂದೇ. ಆದರೆ ಇಂಗ್ಲಿಷರು 'ಪ'ಕಾರವನ್ನು ಉಚ್ಚರಿಸುವುದೇ ಇಲ್ಲ, 'ಕಬರ್ಡ್' ಎನ್ನುತ್ತಾರೆ. ಕಿವಿಯಿಂದ ಬಂದಿದ್ದರೆ ಪಕಾರ ಎಲ್ಲಿಂದ ಬರಬೇಕು? ಮೇಲಾಗಿ ಇಂಗ್ಲಿಷರು ಈ ನಾಡಿಗೆ ಬರುವ ಎಷ್ಟೋ ಶತಮಾನ ಮೊದಲೇ ಕಪಾಟ ಎಂಬ ಪದ ಬಾಗಿಲಿನ ಅರ್ಥದಲ್ಲಿ ನಿಘಂಟಿನಲ್ಲಿ ಕೂತಿತ್ತು.

ಹೀಗೆ ಕೇಳಲು ಸರಿ ಎನಿಸುವ, ಆದರೆ ದಾಖಲೆಗೆ ನಿಲ್ಲದ ಮೂಲಕಥೆಗೆ ಜಾನಪದ ನಿರುಕ್ತಿ ಎನ್ನುತ್ತಾರೆ. ಅಲಮಾರಿಯ 'ಅಲ್' ಕಂಡು ಅದು ಅರಬ್ಬಿ ಪದ ಎನ್ನುವುದೂ ಇಂಥದ್ದೇ. ಆಲ್ಕೋಹಾಲಿನ 'ಅಲ್' ಅರಬ್ಬಿಯದು ಹೌದು, ಅಲಮಾರಿಯದು ಬರಿ ಎಡವಿದ ರಕಾರ. ಬೀಗಕ್ಕೆ ಹೇಳುವ ಕೀಲಿ ಮತ್ತು ಇಂಗ್ಲಿಷಿನ ಕೀ ನಡುವೆಯೂ ನಂಟಿಲ್ಲ. ಕೀಲ ಅಂದರೆ ಸಂಸ್ಕೃತದಲ್ಲಿ ಗೂಟ, ಬೆಣೆ. ಹಳೆಯ ಬೀಗ ಅಂದರೆ ತೂರಿಸಿದ ಬೆಣೆಯೇ ತಾನೇ.

ಇನ್ನೊಂದು ಕಡೆ, ಹೋಲಿಕೆ ಬರಿ ಆಕಸ್ಮಿಕ ಅನಿಸುವ ಕಡೆ ನಿಜವಾದ ನೆಂಟರು ಅಡಗಿರುತ್ತಾರೆ. ಬೆಳಿಗ್ಗೆ ಎಬ್ಬಿಸುವ ಅಲಾರಂ ಮತ್ತು ಅಲಮಾರಿ! ಇಟಾಲಿಯನ್ನಿನಲ್ಲಿ 'ಅಲ್ಲ್ ಆರ್ಮೆ' ಅಂದರೆ 'ಆಯುಧ ಹಿಡಿಯಿರಿ' ಎಂಬ ಕೂಗು. ಅದೇ ಅಲಾರಂ. ಅದರೊಳಗಿನ 'ಆರ್ಮೆ' ಅಲಮಾರಿಯ ಆರ್ಮಾವೇ. ಎರಡರ ಶುರುವಿನ 'ಅಲ್' ಮಾತ್ರ ಬೇರೆಬೇರೆ. ಸದ್ದು ಬದಲಾದ ದಾರಿ, ಅರ್ಥ ಜರುಗಿದ ದಾರಿ, ಇತಿಹಾಸದ ಕಾಲ, ಈ ಮೂರೂ ಒಂದಕ್ಕೊಂದು ಹೊಂದಿದಾಗಲೇ ನಂಟು ಎನ್ನಬಹುದು. ಎರಡು ಹೊಂದಿ ಒಂದು ಹೊಂದದಿದ್ದರೆ ಇನ್ನೂ ಹುಡುಕಬೇಕು.

ಬಾಗಿಲು ತೆರೆದರೆ

ಹೊಸ ಮನೆಯಲ್ಲಿ ಬೀರುವನ್ನು ಗೋಡೆಗೆ ಒರಗಿಸಿ ಬಾಗಿಲು ತೆರೆದೆವು. ಒಳಗಿನ ಭಾಗಗಳಿಗೂ ಹೆಸರಿದೆಯಲ್ಲ. ಹಲಗೆ ಹಾಕಿ ಬೇರ್ಪಡಿಸಿದ ಒಂದೊಂದು ಅಂತಸ್ತೂ ಒಂದು ಖಾನೆ. ಪಾರಸಿಯ 'ಖಾನಾ' ಅಂದರೆ ಮನೆ, ಜಾಗ. ಔಷಧದ ಮನೆ ದವಾಖಾನೆ, ಕೆಲಸದ ಮನೆ ಕಾರ್ಖಾನೆ, ಸೀರೆಯ ಮನೆ ಬೀರುವಿನ ಎರಡನೇ ಖಾನೆ. ಚಾವಿ ಪೋರ್ಚುಗೀಸಿನ 'ಶಾವೆ', ಅದಕ್ಕೂ ಹಿಂದೆ ಲ್ಯಾಟಿನ್ನಿನ 'ಕ್ಲಾವಿಸ್'. ಭುಜದ ಹತ್ತಿರದ ಎಲುಬಿಗೆ ವೈದ್ಯರು ಹೇಳುವ ಕ್ಲಾವಿಕಲ್ ಅಂದರೆ ಪುಟ್ಟ ಚಾವಿ.

ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ ಬೀರು ಕೊಂಡಾಗ ಕೊಟ್ಟ ಹಳದಿಯಾದ ಕಾರ್ಡು ಇನ್ನೂ ಇತ್ತು. ಒಂದು ಕಡೆ ವಾರಂಟಿ ಎಂದಿದೆ, ಅದರ ಕೆಳಗಿನ ಸಾಲಿನಲ್ಲಿ ಗ್ಯಾರಂಟಿ ಎಂದಿದೆ. ಇವೂ ಒಂದೇ ಪದ. ಉತ್ತರ ಫ್ರಾನ್ಸಿನ ನಾರ್ಮನ್ನರು 'ವ' ಎಂದ ಕಡೆ ಪ್ಯಾರಿಸಿನವರು 'ಗ' ಎಂದರು. ವಾರ್ಡ್‌ರೋಬಿನ ವಾರ್ಡ್ ಮತ್ತು ಕಾವಲುಗಾರ ಗಾರ್ಡ್ ಆದದ್ದೂ ಹೀಗೆಯೇ. ಅತ್ತಿಗೆ ಆ ಕಾರ್ಡನ್ನು ಓದಿ, ಮಡಿಸಿ, ಮತ್ತೆ ಅದೇ ಖಾನೆಗೆ ಹಾಕಿ, "ಕಪಾಟಿಗೆ ಕೀಲಿ ಹಾಕ್ರಿ" ಅಂದರು. ನಾನು ಬೀರುವಿಗೆ ಬೀಗ ಹಾಕಿದೆ.